ಮೂರನೆಯವರು

ಬೆಳಗ್ಗೆ ಹತ್ತೂಕಾಲು. ವಿಮಾ ಕಚೇರಿಯ ಕೌಂಟರಿನ ಮುಂದೆ ಕೂತು ಟೈಲರ್ ಮೊದಲ ಸುಳ್ಳು ಹೇಳಿದ.

“ಯಾರೋ ಹೆಂಗಸು ಮೇಡಂ. ಗಾಡಿ ಹಿಂದಕ್ಕೆ ತಗೋತಿದ್ದೆ, ಕಾಣಿಸಲಿಲ್ಲ.”

ಕೌಂಟರಿನ ಮೇಡಂ ತಲೆಯೆತ್ತಲಿಲ್ಲ. ನಿವೃತ್ತಿಗೆ ಆರು ತಿಂಗಳಿದ್ದ ಆಕೆ ಸುಳ್ಳನ್ನು ದನಿಯಲ್ಲೇ ಹಿಡಿಯಬಲ್ಲವರು.

“ಪಾಲಿಸಿ ಕಾಗದ?”

“ಗಾಡೀಲೇ ಇದೆ. ಗಾಡಿ ಪೊಲೀಸ್ ಠಾಣೇಲಿ. ವಿಮೆ ಕಾನೂನಿಗೆ ಎಷ್ಟು ಬೇಕೋ ಅಷ್ಟೇ ಮಾಡ್ಸಿದ್ದು.”

ನಿನ್ನೆಯಿಂದ ಅವನ ಕೊರಳಲ್ಲೇ ಉಳಿದಿದ್ದ ಅಳತೆ ಟೇಪನ್ನು ಆಕೆ ನೋಡಿದರು. “ಅಂಗಿ ಹೊಲಿಯೋವಾಗ ಒಳಗೆ ಎರಡು ಬೆರಳು ಬಟ್ಟೆ ಬಿಡ್ತೀರಿ. ವಿಮೆಗೆ ಮಾತ್ರ ಬಿಗಿ ಹೊಲಿಗೆ, ಅಲ್ವಾ?”

ಅವನು ನಗಲಿಲ್ಲ. ಆಸ್ಪತ್ರೆಯವರು ಸಂಜೆವರೆಗೆ ಗಡುವು ಕೊಟ್ಟಿದ್ದರು. ವಿಮಾ ಕಂಪನಿಯಿಂದ ಖರ್ಚಿನ ಭರವಸೆ ಪತ್ರ ಬಂದರೆ ನಾಳೆ ಶಸ್ತ್ರಚಿಕಿತ್ಸೆ. ಬಾರದಿದ್ದರೆ ಪೆಟ್ಟಾದ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾದೀತು ಎಂದಿದ್ದರು.

“ಕಂಪ್ಯೂಟರ್ ಇನ್ನೂ ಎದ್ದಿಲ್ಲ, ಕೂತ್ಕೊಳಿ” ಎಂದರು ಮೇಡಂ. “ನಿಮ್ಮ ಕನಿಷ್ಠ ವಿಮೆ ಮೂರನೆಯವರಿಗೆ ಮಾತ್ರ. ಗಾಡಿ ಜಜ್ಜಿಹೋದ್ರೆ ಕಾಸು ಸಿಗಲ್ಲ.”

“ಗಾಡಿ ಹಾಳಾಗಿ ಹೋಗ್ಲಿ. ಮೂರನೆಯವರು ಅಂದ್ರೆ ಯಾರು?”

“ಮಾಲೀಕರು ಒಂದು ಕಡೆ, ಕಂಪನಿ ಇನ್ನೊಂದು ಕಡೆ. ಆ ಇಬ್ಬರನ್ನ ಬಿಟ್ರೆ ಊರೆಲ್ಲಾ ಮೂರನೆಯವರೇ.”

ಟೈಲರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಗಾಡಿ ಓಡಿಸ್ತಿದ್ದವನ ಮನೆಯವರಾದ್ರೆ?”

ಈಗ ಮೇಡಂ ತಲೆಯೆತ್ತಿದರು. “ಆ ಹೆಂಗಸು ಯಾರು?”

ಅವನ ದುಃಖದ ಕಟ್ಟೆಯೊಡೆಯಿತು. “ನನ್ನ ಹೆಂಡತಿ ಮೇಡಂ. ಗೇಟು ಹಾಕೋಕೆ ಹಿಂದೆ ಬಂದಿದ್ಲು. ಮನೆಯವರಿಗೆ ಪರಿಹಾರ ಸಿಗಲ್ಲ ಅಂತ ಪಕ್ಕದ ಅಂಗಡಿಯವನು ಹೇಳ್ದ. ಅದಕ್ಕೇ…”

ಅವಳು ಶಾಲೆಯಲ್ಲಿ ಟೀಚರ್. ಅವಳ ಸಂಬಳದ ಚೀಟಿ ನೋಡಿಯೇ ಬ್ಯಾಂಕಿನವರು ಕಾರಿಗೆ ಸಾಲ ಕೊಟ್ಟಿದ್ದರು. ವಿಮೆ ಮಾಡಿಸುವ ದಿನ ಅವಳು ಬೇಡಿಕೊಂಡಿದ್ದಳು, “ದೊಡ್ಡದೇ ಮಾಡ್ಸೋಣ ರೀ, ನಮ್ಮ ಜೀವಕ್ಕೂ ಸೇರಿಸಿ.” ಇವನು ಗದರಿದ್ದ, “ಇಪ್ಪತ್ತು ವರ್ಷ ಸೂಜಿ ತುದೀಲಿ ಕಣ್ಣಿಟ್ಟೋನು ಕಣೇ ನಾನು. ನಾನು ಯಾರಿಗೆ ಗುದ್ತೀನಿ?”

ಮೇಡಂ ನೀರಿನ ಲೋಟ ಅವನ ಕಡೆ ಸರಿಸಿದರು. “ಅಂಗಡಿಯವನ ಮಾತು ಕೇಳ್ಕೊಂಡು ನನ್ನ ಹತ್ರ ಸುಳ್ಳು ಹೇಳ್ತೀರಲ್ಲ! ಹೆಂಡತಿ ಆದ್ರೇನು, ಅತ್ತೆ ಆದ್ರೇನು? ಹೊರಗೆ ನಿಂತಿದ್ದವರಿಗೆ ಪೆಟ್ಟಾದ್ರೆ ಮೂರನೆಯವರೇ. ಭರವಸೆ ಪತ್ರ ನಾನೇ ಟೈಪ್ ಮಾಡ್ತೀನಿ.”

“ಮಧ್ಯಾಹ್ನದೊಳಗೆ?”

“ಅರ್ಧ ಗಂಟೇಲಿ.”

ಟೈಲರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿದ. ನರ್ಸ್ ಫೋನನ್ನು ಹೆಂಡತಿಯ ಕಿವಿಗೆ ಹಿಡಿದಿರಬೇಕು. “ಕಾಲು ಉಳೀತು ಕಣೇ” ಎಂದ.

ಕಂಪ್ಯೂಟರ್ ಎದ್ದಿತು. ಮೇಡಂ ಕಾರಿನ ಸಂಖ್ಯೆ ಕೇಳಿದರು, ಒತ್ತಿದರು. ಅವನು ತಂದಿದ್ದ ಆಸ್ಪತ್ರೆಯ ಚೀಟಿಯನ್ನು ಕೈಗೆ ತೆಗೆದುಕೊಂಡು ರೋಗಿಯ ಹೆಸರು ಓದಿದರು. ಪರದೆ ನೋಡಿದರು. ಮತ್ತೆ ಚೀಟಿ ನೋಡಿದರು. ಕೀಲಿಮಣೆಯ ಮೇಲಿನ ಬೆರಳುಗಳು ನಿಂತವು.

“ಯಾಕೆ ಮೇಡಂ?”

ಆಕೆ ಪರದೆಯನ್ನು ಅವನ ಕಡೆ ತಿರುಗಿಸಿದರು.

ಹತ್ತೂ ಐವತ್ತಕ್ಕೆ ಅರ್ಜಿ ತಿರಸ್ಕೃತವಾಯಿತು. ಕಾರಣದ ಸಾಲಿನಲ್ಲಿ ಮೇಡಂ ಬರೆದದ್ದು ಇಷ್ಟು: ಗಾಯಾಳುವೇ ಕಾರಿನ ಮಾಲೀಕರು.