ಇಬ್ಬರು ಮೆಕ್‌ಡ್ರೀನರು

ಮೇಷ್ಟ್ರ ಸೈಕಲ್ಲು ಮತ್ತೆ ಸೂರಿನ ಕೆಳಗೆ ಗೋಡೆಗೆ ಒರಗಿತ್ತು. ತಿಂಗಳಲ್ಲಿ ಇದು ನಾಲ್ಕನೆಯ ಸಲ. ಫೆಲಿಮ್ ಮೆಕ್‌ಡ್ರೀನ್ ಖಾಲಿ ಹಾಲಿನ ಕ್ಯಾನುಗಳನ್ನು ಗಾಡಿಯಲ್ಲೇ ಬಿಟ್ಟು, ಸೈಕಲ್ಲಿನ ಸೀಟನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ಬಂದು ಬಹಳ ಹೊತ್ತಾಗಿದೆ.

ಬಾಗಿಲು ತಳ್ಳಿದ್ದೇ ತಡ, ಒಳಗಿನ ಮಾತು ನಿಂತಿತು. ಅವನ ಹೆಂಡತಿ ಡೆಲಿಯಾ ಒಲೆಯ ಕಡೆ ತಿರುಗಿಕೊಂಡಳು. ಲಾರ್ಕನ್ ಟೂಮಿ, ಊರ ಶಾಲೆಯ ಮೇಷ್ಟ್ರು, ಬ್ರಹ್ಮಚಾರಿ, ನಲವತ್ತೆರಡರಲ್ಲೂ ತಲೆತುಂಬ ಕೂದಲಿರುವ ಮನುಷ್ಯ, ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ಸುರುಳಿ ಸುತ್ತತೊಡಗಿದ. ಹವೆ ಚೆನ್ನಾಗಿದೆ ಎಂದ. ಹೊರಗೆ ಜಡಿಮಳೆ ಹಿಡಿದಿತ್ತು.

ಮೊದಮೊದಲು ಫೆಲಿಮ್‌ನ ಬಾಯಲ್ಲಿ ‘ಮೇಷ್ಟ್ರು ಬಂದಿದ್ದಾರೆ’ ಎಂದಿದ್ದದ್ದು ‘ಮೇಷ್ಟ್ರು ಬಂದಿದ್ದ’ ಆಗಿ, ಈಗ ಬರೀ ‘ಆ ಟೂಮಿ’ಗೆ ಇಳಿದಿತ್ತು.

ಟೂಮಿ ಬರೆಯುತ್ತಿದ್ದದ್ದು ಮೆಕ್‌ಡ್ರೀನ್ ಎಂಬ ಮನೆತನದ ಹೆಸರಿನ ಚರಿತ್ರೆ. ಮೊದಲ ಮೆಕ್‌ಡ್ರೀನರು ಇದೇ ಲೀಟ್ರಿಮ್ ಜಿಲ್ಲೆಯ ಒಂದು ಸರೋವರದ ದಡದ ಮಠದಲ್ಲಿ ಗಂಟೆ ಕಾಯುತ್ತಿದ್ದರಂತೆ. ಮಠ ಸುಟ್ಟುಹೋದಾಗ ಗಂಟೆಯನ್ನು ಹೂತಿಟ್ಟು, ಎರಡು ಗುಡ್ಡ ದಾಟಿ, ಸುಸ್ತಾಗಿ ಅಲ್ಲೇ ಕೂತುಬಿಟ್ಟರು. ನಾನೂರು ವರ್ಷದಲ್ಲಿ ಆ ಹೆಸರು ಇಪ್ಪತ್ತು ಮೈಲಿ ನಡೆದಿರಲಿಲ್ಲ. ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಿದ್ದ ವರ್ಷ ಒಂದು ಸಂಸಾರ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡ್ ಸೇರಿತು, ಅಷ್ಟೆ. ನಕ್ಷೆಯ ಮೇಲೆ ಲೀಟ್ರಿಮ್‌ನಲ್ಲಿ ಮನೆಗೊಂದರಂತೆ ಹನ್ನೊಂದು ಕೆಂಪು ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹನ್ನೆರಡನೆಯದು ಮಾತ್ರ ದೇಶದ ಇನ್ನೊಂದು ತುದಿಯಲ್ಲಿ, ವಾಟರ್‌ಫರ್ಡಿನ ಕಡಲಂಚಿನಲ್ಲಿ ಒಂಟಿಯಾಗಿತ್ತು. ಅದು ಡೆಲಿಯಾಳ ತವರು.

ಆ ಚುಕ್ಕೆಯಿಂದಲೇ ಫೆಲಿಮ್‌ನ ಮನೆಗೆ ಇಷ್ಟು ಮರ್ಯಾದೆ. ಹುಟ್ಟಿದ ಮನೆಗೂ ಸೇರಿದ ಮನೆಗೂ ಒಂದೇ ಹೆಸರಿದ್ದು, ಗಂಡನಿಗೆ ರಕ್ತಸಂಬಂಧವಿಲ್ಲದ ಹೆಂಗಸಿನ ಕೈಯ ರೊಟ್ಟಿ ತಿಂದರೆ ಮಕ್ಕಳ ನಾಯಿಕೆಮ್ಮು ನಿಲ್ಲುತ್ತದೆ ಎಂಬುದು ಆ ಕಡೆಯ ಹಳೆಯ ನಂಬಿಕೆ. ಮೂರು ಜಿಲ್ಲೆಗಳಿಂದ ತಾಯಂದಿರು ಬರುತ್ತಿದ್ದರು. ದುಡ್ಡು ಕೊಡುವಂತಿಲ್ಲ, ಉಪಕಾರವಾಯಿತು ಎನ್ನುವಂತೆಯೂ ಇಲ್ಲ. ಮಗುವಿಗೆ ತಿನ್ನಿಸಿ ತಿರುಗಿ ನೋಡದೆ ಹೋಗಬೇಕು.

ಯುದ್ಧಕ್ಕೆ ಮುಂಚೆ, ಲಂಡನ್ನಿನಲ್ಲಿ ಇಟ್ಟಿಗೆ ಹೊರುತ್ತಿದ್ದ ಕಾಲದಲ್ಲಿ, ಐರಿಷರ ನೃತ್ಯಗೃಹದಲ್ಲಿ ಫೆಲಿಮ್ ಸಿಕ್ಕ ಹುಡುಗಿಯರಿಗೆಲ್ಲ ಈ ರೊಟ್ಟಿಯ ಕಥೆ ಹೇಳಿ, ತನ್ನಮ್ಮನಿಗೆ ಮೆಕ್‌ಡ್ರೀನ್ ಸೊಸೆಯೇ ಬೇಕೆಂದು ಜಂಬ ಕೊಚ್ಚುತ್ತಿದ್ದ. ಎಲ್ಲರೂ ನಗುತ್ತಿದ್ದರು. ಡೆಲಿಯಾ ಒಬ್ಬಳು ನಗಲಿಲ್ಲ. ಹಾಗಾದರೆ ನಿನ್ನ ಅದೃಷ್ಟ ಚೆನ್ನಾಗಿದೆ, ನಾನೂ ಮೆಕ್‌ಡ್ರೀನೇ ಎಂದಳು. ಮೂರು ತಿಂಗಳಲ್ಲಿ ಮದುವೆ. ಅವಳ ಕಡೆಯವರು ಯಾರೂ ಬರಲಿಲ್ಲ. ಪಾದ್ರಿಗೆ ಆ ಶನಿವಾರ ಏಳು ಜೋಡಿ. ಬೆರಳು ತೋರಿಸಿದಲ್ಲಿ ಫೆಲಿಮ್ ಓದದೆ ಸಹಿ ಹಾಕಿದ. ಈಗ ಕೂತು ಯೋಚಿಸಿದರೆ, ಅಷ್ಟು ಸಲೀಸಾಗಿ ತನ್ನ ಹಿಂದೆ ಬಂದವಳು ಇನ್ನೊಬ್ಬನ ಹಿಂದೆಯೂ ಅಷ್ಟೇ ಸಲೀಸಾಗಿ ಹೊರಟಾಳು ಎನಿಸುತ್ತಿತ್ತು.

ಹಾಲಿನ ಡೇರಿಯ ಸಾಲಿನಲ್ಲಿ ಬಾರ್ನಿ ಎಂಬವನು ಎಲ್ಲರಿಗೂ ಕೇಳುವಂತೆ ವಿಚಾರಿಸಿದ್ದ: “ಮೇಷ್ಟ್ರು ನಿಮ್ಮ ವಂಶವೃಕ್ಷ ಹತ್ತಿದಾರಂತಲ್ಲ ಫೆಲಿಮ್, ಈಗ ಯಾವ ಕೊಂಬೇಲಿದಾರೆ?” ಸಾಲಿಗೆ ಸಾಲೇ ನಕ್ಕಿತು. ಫೆಲಿಮ್ ಕೂಡ ನಕ್ಕ. ಆಮೇಲೆ ಮೂರು ಮೈಲಿ ದಾರಿಯುದ್ದಕ್ಕೂ ಗಾಡಿಯ ಕತ್ತೆಗೆ ಬೈದ.

ಮೆಕ್‌ಡ್ರೀನ್ ಹೆಸರಿನ ಬಗ್ಗೆ ಟೂಮಿಗೆ ಫೆಲಿಮ್‌ಗಿಂತ ಹೆಚ್ಚು ಗೊತ್ತು. ಅದನ್ನು ಫೆಲಿಮ್ ಹೇಗೋ ಸಹಿಸಿಕೊಂಡಿದ್ದ. ಹೆಂಡತಿಯ ಬಗ್ಗೆಯೂ ಹೆಚ್ಚು ಗೊತ್ತಿರಬಹುದು ಎಂಬುದನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಡೆಲಿಯಾ ಹೋದರೆ ರೊಟ್ಟಿ ಹೋಯಿತಲ್ಲ ಎಂದು ಊರು ಅತ್ತೀತು. ಫೆಲಿಮ್‌ಗೆ ಅಳಲು ಡೆಲಿಯಾ ಹೋಗುವುದಷ್ಟೇ ಸಾಕಾಗಿತ್ತು.

ಮುಂದಿನ ಮಂಗಳವಾರ ಅವನು ಡೇರಿಗೆ ಹೋಗುವವನಂತೆ ಹೊರಟು, ಗಾಡಿಯನ್ನು ತಿರುವಿನಲ್ಲಿ ಕಟ್ಟಿ, ಹಿತ್ತಲ ಕಿಟಕಿಯ ಕೆಳಗೆ ಬಂದು ಕೂತ.

“ನಿರ್ಧಾರ ನಿನ್ನದು, ಡೆಲಿಯಾ,” ಟೂಮಿ ಹೇಳುತ್ತಿದ್ದ. ಬಾಗಿಲಲ್ಲಿ ‘ಮಿಸೆಸ್ ಮೆಕ್‌ಡ್ರೀನ್’, ಒಳಗೆ ‘ಡೆಲಿಯಾ’. “ಬೇಸಗೆ ಮುಗಿಯೋದ್ರೊಳಗೆ ಹೇಳಿಬಿಡು. ಆಮೇಲೆ ನನ್ನ ಕೈಲಿಲ್ಲ.”

“ಅವನಿಗೆ ಗೊತ್ತಾದ್ರೆ ನನ್ನನ್ನ ಮನೇಲಿ ಇಟ್ಕೊಳ್ಳಲ್ಲ.”

“ಇಟ್ಕೊಳ್ಳದಿದ್ರೆ ಅವನಷ್ಟು ದಡ್ಡ ಇನ್ನೊಬ್ಬನಿಲ್ಲ.”

ಫೆಲಿಮ್ ಎದ್ದು ಮುಂಬಾಗಿಲಿನಿಂದ ಒಳಗೆ ಬಂದ. ಮೊಳೆಗೆ ನೇತುಹಾಕಿದ್ದ ಟೋಪಿಯನ್ನು ತೆಗೆದು ಮೇಷ್ಟ್ರ ಕೈಗೆ ಕೊಟ್ಟ. “ಮಳೆ ಹೆಚ್ಚಾಗೋ ಮುಂಚೆ ಹೊರಡಿ,” ಎಂದ. ಬಹಳ ದಿನಗಳ ಮೇಲೆ ಬಹುವಚನ ಬಂದಿತ್ತು. ಟೂಮಿ ಡೆಲಿಯಾಳ ಮುಖ ನೋಡಿದ, ನಕ್ಷೆ ಎತ್ತಿಕೊಂಡ, ಹೋದ.

“ಎಷ್ಟು ದಿನದಿಂದ ಇದು?”

ಡೆಲಿಯಾ ಕೈಗಂಟಿದ ಹಿಟ್ಟನ್ನು ನಿಧಾನವಾಗಿ ಒರೆಸಿಕೊಂಡಳು. “ಹತ್ತೊಂಬತ್ತು ವರ್ಷದಿಂದ.”

ಮದುವೆಯಾಗಿಯೂ ಅಷ್ಟೇ ವರ್ಷ. ಫೆಲಿಮ್ ಕುರ್ಚಿಯ ಬೆನ್ನು ಹಿಡಿದುಕೊಂಡ. “ಹಾಗಾದ್ರೆ ಲಂಡನ್ನಲ್ಲೂ ಇದ್ದನಾ ಅವನು?”

“ಪಾಪ, ಅವರು ಲಂಡನ್ನೇ ನೋಡಿಲ್ಲ. ಈಸ್ಟರ್ ರಜೇಲಿ ವಾಟರ್‌ಫರ್ಡಿಗೆ ಹೋಗಿ ಹದಿನಾಲ್ಕು ಚರ್ಚಿನ ಪುಸ್ತಕ ಜಾಲಾಡಿಕೊಂಡು ಬಂದಿದಾರೆ. ಆ ಕಡೆ ಮೆಕ್‌ಡ್ರೀನ್ ಅನ್ನೋರು ಯಾವತ್ತೂ ಇರಲಿಲ್ಲ. ಬೇಸಗೆ ಮುಗಿದ್ರೆ ಪುಸ್ತಕ ಅಚ್ಚಿಗೆ ಹೋಗುತ್ತಂತೆ, ಅದರಲ್ಲಿ ಆ ಚುಕ್ಕೆ ಇಡಬೇಕೋ ಅಳಿಸಬೇಕೋ ನೀನೇ ಹೇಳು ಅಂತ ಕೇಳೋಕೆ ಬರ್ತಾರೆ.”

ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ತೆಗೆಯಲಿಲ್ಲ.

“ನಾನು ಹುಟ್ಟಿದ್ದು ಊರಿಗೆ ಹತ್ತು ಮನೆ ಇರೋ ಮರ್ಫಿಗಳಲ್ಲಿ, ಫೆಲಿಮ್, ಅವತ್ತು ನೀನು ಆ ಕಥೆ ಮುಗಿಸಿ ಆಗಲೇ ಕೆರ್ರಿ ಜಿಲ್ಲೆಯ ಹುಡುಗಿ ಕಡೆ ತಿರುಗ್ತಾ ಇದ್ದೆ, ನಾನು ನೋಡ್ಕೊಂಡು ಸುಮ್ಮನಿರಬೇಕಿತ್ತಾ?”