ಸುದ್ರೆಯ ಜೇಬು

ಬಿಸಿ ಇಸ್ತ್ರಿ ತಾಗಿದ ಮಲ್‌ಮಲ್ ಬಟ್ಟೆಯ ವಾಸನೆ ಬಂದರೆ ಇಂದಿಗೂ ನನಗೆ ಅತ್ತಿಗುಂಡಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಯುದ್ಧದ ಕಾಲ, ಬಟ್ಟೆಗೆ ರೇಷನ್. ಎಸ್ಟೇಟಿನ ಪಾರ್ಸಿ ಅಮ್ಮಾವ್ರ ಮೊಮ್ಮಗಳಿಗೆ ಮಾರನೆಯ ದಿನ ನವಜೋತ್, ಅಂದರೆ ಸುದ್ರೆ ಎಂಬ ಬಿಳಿ ಒಳಅಂಗಿಯನ್ನು ಮೊದಲ ಸಲ ತೊಡಿಸುವ ಶಾಸ್ತ್ರ. ಆ ಮನೆಯ ಇಸ್ತ್ರಿ ಕೆಲಸಕ್ಕಿದ್ದ ನನ್ನ ಅವ್ವ ಆ ಸುದ್ರೆಯನ್ನು ಇಸ್ತ್ರಿ ಮಾಡಿಟ್ಟಿದ್ದಳು. ಕೊರಳಿನ ಕೆಳಗೆ ಹೆಬ್ಬೆರಳೂ ಹಿಡಿಯದಷ್ಟು ಚಿಕ್ಕ ಜೇಬೊಂದಿತ್ತು. ದರ್ಜಿಯ ತಪ್ಪೆಂದುಕೊಂಡು ನಾನು ಅದರ ಬಾಯಿ ಹೊಲಿದುಬಿಟ್ಟೆ.

"ಯಾರು ಹೊಲಿದಿದ್ದು ಇದನ್ನ?" ಅಮ್ಮಾವ್ರು ಕೇಳಿದರು.

"ನಾನೇ, ಅಮ್ಮಾವ್ರೇ," ಅಂದಳು ಅವ್ವ, ನನ್ನ ಕಡೆ ನೋಡದೆ.

"ಹದಿನೈದು ವರ್ಷದಿಂದ ಇಸ್ತ್ರಿ ಹಾಕ್ತಿದ್ದೀಯ, ಈ ಜೇಬು ಕಂಡೇ ಇರಲಿಲ್ವಾ ನಿಂಗೆ? ಈಗ ಬಿಚ್ಚೋವಾಗ ಹರಿದ್ರೆ ಬೇರೆ ಬಟ್ಟೆ ಎಲ್ಲಿಂದ ತರ್ಲಿ? ಹರಿದ್ರೆ ನಾಳೆಯಿಂದ ಬರೋದೇ ಬೇಡ ನೀನು."

ಕನ್ನಡಕ ಏರಿಸಿ, ಸೂಜಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತ ಗೊಣಗಿದರು: "ಮಾಡಿದ ಒಳ್ಳೆ ಕೆಲಸ ಎಲ್ಲ ಈ ಜೇಬಿಗೆ ಸೇರುತ್ತೆ ಅಂತಾರೆ ನಮ್ಮಲ್ಲಿ. ಬಾಯೇ ಮುಚ್ಚಿದ್ರೆ ಎಲ್ಲಿಗೆ ಹಾಕ್ಬೇಕು ಆ ಮಗು?"

ಬಟ್ಟೆ ಹರಿಯಲಿಲ್ಲ. ಕೊನೆಯ ಹೊಲಿಗೆ ಬಿಚ್ಚುವವರೆಗೂ ಅವ್ವ ತಲೆ ತಗ್ಗಿಸಿ ನಿಂತೇ ಇದ್ದಳು. ನಾನು ಅವಳ ರವಿಕೆಯನ್ನೇ ನೋಡುತ್ತಿದ್ದೆ. ಅದಕ್ಕೆ ಜೇಬೇ ಇರಲಿಲ್ಲ.