ಕಬ್ಬಿನ ಪ್ಲಾಸ್ಟಿಕ್ಕಿನ ಕೈ

ಅರವತ್ತು ಡಿಗ್ರಿ ಬಿಸಿನೀರಿನಲ್ಲಿ, ಕಬ್ಬಿನಿಂದ ತಯಾರಿಸಿದ ಪ್ಲಾಸ್ಟಿಕ್ಕಿನ ಕೈಪಟ್ಟಿ ಮೆತ್ತಗಾಗತೊಡಗಿತು. ಲಕವಾ ಹೊಡೆದಿದ್ದ ಜಿನಪಾಲರ ಕೈಗೆ ಆಸರೆಯಾಗಲೆಂದು ಐದೂ ಬೆರಳಿನ ಅಚ್ಚು ತೆಗೆದು ಮಾಡಿದ್ದು ಅದು. ಅವರು ತೀರಿಕೊಂಡ ಮೇಲೆ, ಬಿಸಿಮಾಡಿ ಇನ್ನೊಬ್ಬ ರೋಗಿಯ ಕೈಯಳತೆಗೆ ಬಾಗಿಸಿಕೊಳ್ಳಲಿ ಎಂದು ಹೆಂಡತಿ ಜಿನಮತಿಯೇ ಇಚಲಕರಂಜಿಯ ಪ್ರಯೋಗಾಲಯಕ್ಕೆ ತಂದಿದ್ದಳು.

“ಹಾಳಿ ಹಂಗ ಸಪಾಟ ಆಗತೈತಿ, ಆಯಿ. ಆಮ್ಯಾಲೆ ಅಜ್ಜಾರ ಕೈ ಕಾಣಂಗಿಲ್ಲ,” ಎಂದಳು ಸಂಶೋಧಕಿ ರುಪಾಲಿ.

“ಒಮ್ಮೆ ಮುಟ್ಟಲೇನ?”

ರುಪಾಲಿ ಅದನ್ನೆತ್ತಿ, ಮುದುಕಿಯ ಕೈ ಸುಡದಂತೆ ಟವೆಲಿನ ಮೇಲೆ ಆರಿಸಿಕೊಟ್ಟಳು. ಜಿನಮತಿ ಅದರ ಅಂಗೈಯಲ್ಲಿ ತನ್ನ ಕೈಯಿಟ್ಟಳು. ಚಪ್ಪಟೆಯಾಗಬೇಕಿದ್ದ ಬೆರಳುಗಳು ಒಂದೊಂದಾಗಿ ಮಡಚಿಕೊಂಡು, ಅವಳ ಕೈ ಹಿಡಿದು ಗಟ್ಟಿಯಾದವು.

ರುಪಾಲಿ ಗಾಬರಿಯಿಂದ ಕತ್ತರಿ ತಂದಳು.

“ತಡಿ ತಂಗಿ,” ಜಿನಮತಿ ಪಿಸುಗುಟ್ಟಿದಳು. “ಮೂರ ವರ್ಷ ಇವರಿಗೆ ಬೆರಳ ಮಡಚಾಕ ಆಗಿದ್ದಿಲ್ಲ. ಈಗ ಹಿಡದಾರ.”